ಸಾಮಾನಿನ ಡಬ್ಬಿ

ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ,
ಜ್ವರ ಬಂದುಹೋದ ಮೇಲೆ ನನ್ನ ಮೂಗು
ಮೂಗುತಿ ತೂಗಿಸುವ ಮೊಳೆಯಾಗಿ ಉಳಿಯಿತು.
ನಮ್ಮ ಮನೆಯ ಹಾಲು ಸೀದದ್ದು
ಪಕ್ಕದ ಮನೆಯವರಿಗೆ ಮೊದಲು ತಿಳಿಯುತ್ತಿತ್ತು,
ಆಮೇಲೆ ನನಗೆ.

ಒಂದು ಲಾಭವೂ ಇತ್ತು.
ರಾತ್ರಿ ಪಾಳಿ ಮುಗಿಸಿ ಕೊಲಾಬಾದಿಂದ ವಿ.ಟಿ.ಗೆ ಬಂದರೆ
ಡೊಂಬಿವಲಿಯ ಸ್ಲೋ ಗಾಡಿಯಲ್ಲಿ
ಮೀನುಬುಟ್ಟಿಗಳ ಸಾಮಾನಿನ ಡಬ್ಬಿ.
ಬೇರೆಯವರು ಮೂಗು ಹಿಡಿದು ದಾಟಿಹೋಗುವಲ್ಲಿ
ನಾನು ಕಾಲು ಚಾಚಿ ಕೂರುತ್ತಿದ್ದೆ.
ಬೊಂಬಿಲ್ ಬುಟ್ಟಿಗೆ ಒದ್ದೆ ಗೋಣಿ ಹೊದಿಸುತ್ತ
ಹೌಸಾಬಾಯಿ ಅನ್ನುತ್ತಿದ್ದಳು:
‘ಇಪ್ಪತ್ತು ವರ್ಷಕ್ಕೆ ನೀನೊಬ್ಬಳು ನೋಡು
ನನ್ನ ಪಕ್ಕ ಕೂತು ಸೆರಗು ಮೂಗಿಗೆ ಒಯ್ಯದವಳು.’
ಅದು ಮರ್ಯಾದೆಯಲ್ಲ, ಕಾಯಿಲೆ
ಎಂದು ನಾನು ಹೇಳಲಿಲ್ಲ.

ನನ್ನ ಕೆಲಸ ಬಿಳಿ ಇಲಿಗಳದ್ದು.
ಪಂಜರ ತೊಳೆಯುವುದು, ಮರಿ ಎಣಿಸುವುದು,
ನಡುರಾತ್ರಿ ಮೇಲಿನಿಂದ ಕರೆ ಬಂದರೆ
ಮಿದುಳಿನ ಹೋಳುಗಳನ್ನು ಗಾಜಿನ ಮೇಲೆ ಹಾಸುವುದು,
ಹಪ್ಪಳಕ್ಕಿಂತ ಹುಷಾರಾಗಿ.
ಒಂದಿರುಳು ಮೆಹರ್‌ನಾಜ್ ಮೇಡಂ
ಸೂಕ್ಷ್ಮದರ್ಶಕ ಬಿಟ್ಟು ಪಕ್ಕಕ್ಕೆ ಸರಿದರು. ‘ನೋಡು.’

ಇಲಿಯ ಮೂಗಿನ ಒಳಗೋಡೆಯಲ್ಲಿ
ಅಲ್ಲೊಂದು ಇಲ್ಲೊಂದು ನೀಲಿ ಕುಡಿದ ಕೋಶಗಳು
ಚೆಲ್ಲಿದ ಸಾಸಿವೆಯ ಹಾಗೆ, ಒಂದಕ್ಕೊಂದು ಗುರುತಿಲ್ಲದೆ.
ಒಂದೊಂದರಿಂದ ಒಂದೊಂದು ಎಳೆ.
ಮೂಳೆಯ ಜರಡಿ ತೂರಿ
ಮಿದುಳಿನ ಮುಂದಿನ ಗಡ್ಡೆಗೆ ನುಗ್ಗಿ
ಲೆಕ್ಕವಿಲ್ಲದ ಬೇರೆ ಎಳೆಗಳ ಸಂದಿಯಲ್ಲಿ ಹಾದು
ಆ ಹೋಳಿನಲ್ಲಿ ಅವೆಲ್ಲ ಬಂದು ಸೇರಿದ್ದು
ಒಂದೇ ಚುಕ್ಕೆಗೆ.
ಸೂಜಿಮೊನೆಯಷ್ಟು ನೀಲಿ.

‘ದಾರಿ ಹೇಳಿದವರು ಯಾರು?’
‘ಇಲಿಗೆ ವಾಸನೆಗೆಂದೇ ಸಾವಿರದ ಮೇಲೆ ಜೀನು,
ಎಲ್ಲ ಕೋಶದಲ್ಲೂ ಅದೇ ಸಾವಿರ.
ಈ ಕೋಶ ಅದರಲ್ಲಿ ಒಂದನ್ನಷ್ಟೇ ಬಿಚ್ಚಿ ಓದುತ್ತದೆ.
ಉಳಿದದ್ದಕ್ಕೆ ಗಂಟು.
ಆ ಒಂದರಲ್ಲೂ ತಾಯಿ ಕೊಟ್ಟ ಪ್ರತಿಯೋ, ತಂದೆ ಕೊಟ್ಟದ್ದೋ,
ಎರಡೂ ಅಲ್ಲ.
ಯಾವುದು ಅನ್ನುವುದು ಬಹುಪಾಲು ಚೀಟಿ ಎತ್ತಿದ ಹಾಗೆ.
ಆದರೆ ಚೀಟಿಯ ಹಿಂಬದಿಗೆ ವಿಳಾಸವಿದೆ:
ಏನನ್ನು ಮೂಸಬೇಕೋ ಹೇಳಿದ್ದೇ
ಎಲ್ಲಿ ಇಳಿಯಬೇಕೋ ಅದನ್ನೂ ಹೇಳುತ್ತದೆ.’

ಆ ಬೆಳಿಗ್ಗೆ ಎದುರು ಗಾಡಿಗಳನ್ನು
ಮೊದಲ ಸಲ ನೋಡಿದಂತೆ ನೋಡಿದೆ.
ಕಲ್ವಾ, ದಿವಾ, ಅಂಬರನಾಥದ ಬೇರೆ ಬೇರೆ ಒಲೆಗಳಿಂದ ಎದ್ದು
ಮಾತಾಡಿಕೊಳ್ಳದೆ, ಏಳು ಐವತ್ತೆರಡರ
ಅದೇ ಡಬ್ಬಿಯ ಅದೇ ಕಂಬಕ್ಕೆ ಕೈ ಹಾಕುವವರು.
ನನ್ನ ತಲೆಯೊಳಗಿನ ಲೈನಿನಲ್ಲಿ ಮಾತ್ರ
ಗಾಡಿಗಳು ನಿಂತಿದ್ದವು.

‘ಮೂಗಿನ ಕೋಶ ಸಾಯುತ್ತದೆ, ಹೊಸದು ಹುಟ್ಟುತ್ತದೆ,
ಹುಟ್ಟಿದ್ದು ಮತ್ತೆ ಚೀಟಿ ಎತ್ತಿ ಹೊರಡುತ್ತದೆ.
ಕಾಯಿಲೆಯ ನಂತರ ಕೆಲವು
ತಪ್ಪು ಸ್ಟೇಷನ್ನಿನಲ್ಲಿ ಇಳಿಯಬಹುದು’ ಎಂದಿದ್ದರು ಮೇಡಂ.

ಇಳಿದವು.
ಆಷಾಢದಲ್ಲಿ ಕಾಫಿ ಸೀಮೆಎಣ್ಣೆಯಾಯಿತು,
ಈರುಳ್ಳಿ ಒಗ್ಗರಣೆ ಸುಟ್ಟ ಟೈರು.
ಗಂಡನ ಮೈಯಲ್ಲಿ ತುಕ್ಕು ಅಂದೆ,
ಪಾಪ, ಎರಡು ಸಲ ಮಿಂದು ಬಂದ.

ಆಮೇಲೊಂದು ದಿನ,
ಸಾಯನ್ ದಾಟಿ ಕುರ್ಲಾ ಇನ್ನೂ ಬರದ ನಡುವೆ,
ಯಾವ ಎಳೆ ಯಾವ ಚುಕ್ಕೆ ಮುಟ್ಟಿತೋ,
ನನ್ನ ಕೈ ನನ್ನನ್ನು ಕೇಳದೆ
ಸೆರಗನ್ನು ಮೂಗಿಗೆ ಒಯ್ದಿತು.

ಹೌಸಾಬಾಯಿ ನೋಡಿದಳು.
ಗೋಣಿ ಸರಿಪಡಿಸುತ್ತಿದ್ದ ಕೈ ಅಲ್ಲೇ ನಿಂತಿತು.
ಬುಟ್ಟಿಯನ್ನು ತನ್ನ ಕಡೆಗೆ
ಒಂದು ಗೇಣು ಎಳೆದುಕೊಂಡಳು.

‘ಅಯ್ಯೋ, ಅಲ್ಲ’ ಅಂದೆ. ‘ಬಂತು.’
‘ಏನು ಬಂತು?’
‘ನಿನ್ನ ಬೊಂಬಿಲ್.’
ಅವಳಿಗೆ ಅರ್ಥವಾಗಲಿಲ್ಲ. ಜ್ವರ, ಮೂಗು,
ಹಾಲು, ಟೈರು ಎಲ್ಲ ತೊದಲಿದೆ ಹರಕು ಮರಾಠಿಯಲ್ಲಿ.
ಹಾಗಾದರೆ ಇಷ್ಟು ದಿನ? ಎಂದು ಅವಳು ಕೇಳಲಿಲ್ಲ,
ಕೇಳಿದ್ದರೆ ಒಳ್ಳೆಯದಿತ್ತು.
ಕುರ್ಲಾ ಹೋಯಿತು. ವಿದ್ಯಾವಿಹಾರ ಹೋಯಿತು.

ಘಾಟ್ಕೋಪರ್ ಹತ್ತಿರ
ಗೋಣಿ ಎತ್ತಿ, ಬುಟ್ಟಿಯನ್ನು ಕಾಲಿನಿಂದ
ನನ್ನತ್ತ ನೂಕಿದಳು.
‘ಸೆರಗು ತೆಗಿ’ ಅಂದಳು.
‘ಸರಿಯಾಗಿ ಮೂಸು.’